ತೀರಿಕೊಂಡವರ ಹೆಸರಿನ ಮೀಟರು

ಆಗತಾನೆ ಬೀಸಿದ ರಾಗಿಹಿಟ್ಟಿನ ಚೀಲವನ್ನು ಎದೆಗವಚಿಕೊಂಡು ಮಾಗಿಯ ಬೆಳಗಿನಲ್ಲಿ ಮನೆಗೆ ನಡೆದಿದ್ದೀರಾ? ಬಟ್ಟೆಯನ್ನು ದಾಟಿ ಬರುವ ಆ ಬಿಸುಪು, ಕಾದ ಕಲ್ಲಿನ ವಾಸನೆ, ಹುಬ್ಬಿನ ಮೇಲೆ ಕೂತ ಬೂದು ಧೂಳು, ಇವನ್ನೆಲ್ಲ ಪೊಟ್ಟಣದ ಹಿಟ್ಟು ತಿಂದು ಬೆಳೆದವರಿಗೆ ಹೇಳಿ ತಿಳಿಸುವುದು ಕಷ್ಟ. ವಿದ್ಯಾರಣ್ಯಪುರದಲ್ಲಿ ಮನೆ ಮಾಡಿ, ಅಲ್ಲೇ ಶಾಲೆಯಲ್ಲಿ ಪಾಠ ಹೇಳುತ್ತ ವರ್ಷಗಳು ಕಳೆದರೂ, ರಾಗಿ ಬೀಸಿಸಲು ಮಾತ್ರ ನಾನು ಬಸ್ಸು ಹತ್ತಿ ಯಲಹಂಕದ ಹಳೆಯ ಪೇಟೆಗೇ ಹೋಗುತ್ತಿದ್ದೆ. ಅಲ್ಲಿ ನನ್ನ ತಾಯಿಯ ತಂಗಿ, ಜಯಮ್ಮ ಚಿಕ್ಕಮ್ಮನ ಗಿರಣಿಯಿತ್ತು. ಮುಂದೆ ಗಿರಣಿ, ಹಿಂದೆ ಎರಡು ಕೋಣೆಯ ಮನೆ, ಎರಡಕ್ಕೂ ಸೇರಿ ಒಂದೇ ಶೀಟಿನ ಚಾವಣಿ.

ಊರವರ ಬಾಯಲ್ಲಿ ಅದು ರಂಗಪ್ಪನ ಗಿರಣಿ. ಚಿಕ್ಕಪ್ಪ ರಂಗಪ್ಪನವರು ಲಾರಿ ಓಡಿಸಿ ದುಡಿದ ಹಣದಲ್ಲಿ ಆ ಜಾಗ ಕೊಂಡು ಯಂತ್ರ ಹಾಕಿಸಿದ್ದು ನಿಜ. ಆದರೆ ತಿಂಗಳಲ್ಲಿ ಬಹುಪಾಲು ಅವರು ಹೆದ್ದಾರಿಯ ಮೇಲಿರುತ್ತಿದ್ದರು. ಬೆಲ್ಟು ಜಾರಿದಾಗ ಏರಿಸುತ್ತಿದ್ದವಳು, ಸವೆದ ಕಲ್ಲಿಗೆ ಉಳಿ ಹಿಡಿದು ಕಚ್ಚು ಹಾಕುತ್ತಿದ್ದವಳು, ಯಾರ ಮನೆಗೆ ನುಣ್ಣಗೆ, ಯಾರ ಮನೆಗೆ ತರಿಯಾಗಿ ಎಂದು ಕೇಳದೆಯೇ ಬೀಸಿ ಕೊಡುತ್ತಿದ್ದವಳು ಚಿಕ್ಕಮ್ಮ. ರಂಗಪ್ಪನವರಿಗೂ ಇದು ತಿಳಿದಿತ್ತು. ಕಾಯಿಲೆ ಬಿದ್ದಾಗ ಇಬ್ಬರು ಸಾಕ್ಷಿಗಳನ್ನು ಕೂರಿಸಿಕೊಂಡು, ಮನೆಯೂ ಗಿರಣಿಯೂ ಹೆಂಡತಿಗೆ ಎಂದು ಉಯಿಲು ಬರೆಸಿದರು. ಸಮಾಧಾನದಿಂದಲೇ ಕಣ್ಣುಮುಚ್ಚಿದರು.

ಕೆಲವು ತಿಂಗಳು ಗಿರಣಿ ಎಂದಿನಂತೆ ಓಡಿತು. ಆಮೇಲೆ ಒಂದು ದಿನ ಲೈನ್‌ಮನ್ ಬಂದು ಕರೆಂಟು ಕಿತ್ತು ಹೋದ. ಸತ್ತವರ ಹೆಸರಿನ ಸಂಪರ್ಕವನ್ನು ಬೇರೆಯವರು ಬಳಸುತ್ತಿದ್ದಾರೆ, ವಾರಸುದಾರರಲ್ಲಿ ತಕರಾರಿದೆ ಎಂದು ರಂಗಪ್ಪನವರ ತಮ್ಮ ಮುನಿರಾಜು ಅರ್ಜಿ ಕೊಟ್ಟಿದ್ದ.

ನಾನೂ ಚಿಕ್ಕಮ್ಮನೂ ವಿದ್ಯುತ್ ಕಚೇರಿಗೆ ಹೋದೆವು. ಕಿಟಕಿಯ ಆಚೆ ಕೂತಿದ್ದವರು ಒಳ್ಳೆಯ ಮಾತಿನವರೇ.

"ಹೆಸರು ಬದಲಾವಣೆಗೆ ಹೊಸ ರೂಲ್ಸ್ ಬಂದಿದೆ ಮೇಡಂ. ಮೀಟರ್ ಯಾರ ಹೆಸರಲ್ಲಿದೆಯೋ ಅವ್ರೇ ಬಂದು ಸೈನ್ ಹಾಕ್ಬೇಕು."

"ಅವ್ರು ತೀರಿಕೊಂಡಿದ್ದಾರೆ. ಅದಕ್ಕೇ ಹೆಸರು ಬದಲಾಯ್ಸಿ ಅಂತ ಬಂದಿರೋದು," ಎಂದೆ.

"ಹಾಗಾದ್ರೆ ಮನೆಯೋರೆಲ್ಲ ತಕರಾರಿಲ್ಲ ಅಂತ ಬರ್ಕೊಡ್ಲಿ. ಇಲ್ಲಾಂದ್ರೆ ಉಯಿಲಿಗೆ ಕೋರ್ಟಿಂದ ಪ್ರೊಬೇಟ್ ತನ್ನಿ."

ಪ್ರೊಬೇಟ್ ಎಂದರೆ, ಈ ಉಯಿಲು ನಿಜವಾದದ್ದು ಎಂದು ನ್ಯಾಯಾಲಯ ಮುದ್ರೆಯೊತ್ತಿ ಕೊಡುವ ಪತ್ರ. ಅದು ಬರುವವರೆಗೆ ಹೊಸದಾಗಿಯೇ ಒಂದು ಸಂಪರ್ಕ ಕೊಡಿ ಎಂದು ಕೇಳಿದ್ದಕ್ಕೆ, ಹೊಸ ಸಂಪರ್ಕ ಬೇಕಾದರೆ ಮಾಳಿಗೆಯ ಮೇಲೆ ಸೋಲಾರ್ ಬಿಸಿನೀರಿನ ಯಂತ್ರ ಇರಬೇಕು, ಅದೂ ಕಡ್ಡಾಯ ಎಂದರು. ಸ್ನೇಹಿತರೇ, ಸೂರ್ಯನ ಶಾಖದ ಬಗ್ಗೆ ನನಗೇನೂ ದ್ವೇಷವಿಲ್ಲ. ವಿದ್ಯುತ್ತು ಉಳಿಯಬೇಕೆಂದು ಸರ್ಕಾರ ಯೋಚಿಸಿದ್ದರೆ ಅದು ಮೆಚ್ಚತಕ್ಕದ್ದೇ. ಆದರೆ ಕಾಗೆ ಕೂತರೂ ಸದ್ದು ಮಾಡುವ ಶೀಟಿನ ಮೇಲೆ ನೀರಿನ ತೊಟ್ಟಿ ಏರಿಸಿದರೆ ಮಾತ್ರ ರಾಗಿ ಬೀಸಬಹುದು ಎನ್ನುವ ಬುದ್ಧಿ ಯಾವ ಒಲೆಯ ಮೇಲೆ ಬೆಂದದ್ದು?

ಅದೇ ವಾರ ಮುನಿರಾಜು ಮನೆಗೆ ಬಂದ. ಬಿಳಿ ಷರಟು, ಹೊರಗೆ ಬಿಳಿ ಕಾರು. ನಿಂತಿದ್ದ ಯಂತ್ರದ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತ.

"ಅತ್ತಿಗೆ, ನಿಮ್ ಗಿರಣಿ ನಂಗ್ಯಾಕೆ? ಬಾಗಲೂರು ಜಮೀನ್ಗೆ ನೀವೂ ನಿಮ್ ಮಗ್ಳೂ ಒಂದ್ ಸೈನ್ ಹಾಕ್ಬುಡಿ. ನಾಳೇನೇ ಕರೆಂಟ್ ಆಫೀಸ್ನಾಗೆ ನನ್ ತಕರಾರಿಲ್ಲ ಅಂತ ಬರ್ಕೊಡ್ತೀನಿ. ಇಂಗೆ ಕತ್ತಲಲ್ಲಿ ಯಾಕ್ ಕೂತಿದ್ದೀರ?"

ಬಾಗಲೂರಿನದು ಚಿಕ್ಕಮ್ಮನ ಮಾವನ ಕಾಲದ ಜಮೀನು, ಅಣ್ಣತಮ್ಮಂದಿರ ನಡುವೆ ಪಾಲಾಗದೆ ಉಳಿದದ್ದು. ವಿಮಾನ ನಿಲ್ದಾಣ ಬಂದ ಮೇಲೆ ಅಲ್ಲಿ ರಾಗಿ ಬೆಳೆಯುವವರಿಗಿಂತ ಬೇಲಿ ಹಾಕುವವರು ಹೆಚ್ಚಾದರು. ರಂಗಪ್ಪನವರ ಪಾಲು ಅವರ ಹೆಂಡತಿಗೂ ಒಬ್ಬಳೇ ಮಗಳು ಸುಧಾಳಿಗೂ ಸೇರಬೇಕು. ಅವರಿಬ್ಬರ ಸಹಿಯಿಲ್ಲದೆ, ಅದನ್ನು ಕೊಳ್ಳಲು ಬಂದಿದ್ದ ಬಿಲ್ಡರ್ ಮುಂದೆ ಹೆಜ್ಜೆಯಿಡಲಾರ. ಮುನಿರಾಜು ಕರೆಂಟಿನ ತಂತಿಯನ್ನು ಹಿಡಿದೆಳೆದದ್ದು ಈ ಬೇಲಿಯ ಕಡೆಗೆ.

ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ಕಾನೂನು ಬಂದಾಗ ತರಗತಿಯಲ್ಲಿ ಅದನ್ನು ಎಷ್ಟು ಹಿಗ್ಗಿನಿಂದ ಹೇಳಿದ್ದೆ. ಆದರೆ ನಮ್ಮ ಕಡೆಯ ಮನೆಗಳು ಎಷ್ಟು ಬೇಗ ಅದಕ್ಕೊಂದು ಹೊಸ ಶಾಸ್ತ್ರ ಹುಟ್ಟಿಸಿದವು ನೋಡಿ. ಹೆಣ್ಣುಮಕ್ಕಳನ್ನು ಕರೆಸುವುದು, ಮಡಿಲು ತುಂಬುವುದು, ಹೋಳಿಗೆಯೂಟ ಹಾಕಿಸುವುದು, ಅದೇ ಸಂಜೆ ಕಾರಿನಲ್ಲಿ ಕೂರಿಸಿ ನೋಂದಣಿ ಕಚೇರಿಗೆ ಕರೆದೊಯ್ಯುವುದು. ಅಲ್ಲಿ ಅವರಿಂದ ಸಹಿ ಹಾಕಿಸಿಕೊಳ್ಳುವ ಪತ್ರಕ್ಕೆ ಇಟ್ಟ ಹೆಸರು 'ಹಕ್ಕು ಬಿಡುಗಡೆ'. ಸೆರೆಮನೆಯಿಂದ, ಕಷ್ಟದಿಂದ ಹೊರಬರುವುದಕ್ಕೆ ಬಳಸುವ ಅಷ್ಟು ಒಳ್ಳೆಯ ಪದವನ್ನು, ಕೈಲಿದ್ದುದನ್ನು ಕಳೆದುಕೊಳ್ಳುವುದಕ್ಕೆ ಬಳಸುವ ಧೈರ್ಯ ಯಾರಿಗೆ ಬಂತೋ ತಿಳಿಯದು.

ಸುಧಾ ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿ ನರ್ಸ್. ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದವಳು, "ಅಮ್ಮ, ನಂಗೆ ಆ ಜಮೀನು ಬೇಡ. ಹಾಕ್ಬಿಡೋಣ ಸೈನು. ನಿನ್ ಗಿರಣಿ ಓಡಿದ್ರೆ ಸಾಕು," ಎಂದಳು.

ಚಿಕ್ಕಮ್ಮ ಒಪ್ಪಲಿಲ್ಲ. "ಬೇಡ ಅನ್ನೋದಾದ್ರೆ ನಿನ್ ಕೈಗೆ ಬಂದ್ಮೇಲೆ ಬೇಡ ಅನ್ನು. ಕರೆಂಟ್ ಕಿತ್ತು ಹೆದರ್ಸಿದ್ರು ಅಂತ ಬೇಡ ಅನ್ಬೇಡ. ಕೋರ್ಟಿಗೆ ಹೋಗೋಣ."

ಹೋದೆವು. ಒಬ್ಬ ವಕೀಲರನ್ನು ಹಿಡಿದು ಪ್ರೊಬೇಟಿಗೆ ಅರ್ಜಿ ಹಾಕಿದೆವು. 'ಕಾಯಿದೆ' ಎಂಬ ಮಾತಿನೊಳಗೆ ನನಗೆ ನಮ್ಮ 'ಕಾಯು' ಕೇಳಿಸುತ್ತದೆ. ಕಾಯುವುದೆಂದರೆ ರಕ್ಷಿಸುವುದು ಎಂದೇ ನಂಬಿದ್ದೆ. ಕಾಯುವುದೆಂದರೆ ಬಾಗಿಲಲ್ಲಿ ನಿಂತಿರುವುದೂ ಹೌದೆಂದು ನ್ಯಾಯಾಲಯದ ಪಡಸಾಲೆ ಕಲಿಸಿತು. ಉಯಿಲು ಸುಳ್ಳೆಂದು ತಕರಾರು ಹಾಕಿದ ಮುನಿರಾಜು ಒಮ್ಮೆ ಬರುತ್ತಿದ್ದ, ಒಮ್ಮೆ ಬರುತ್ತಿರಲಿಲ್ಲ. ಅವನು ಬಾರದ ದಿನ ಮುಂದಿನ ದಿನಾಂಕ, ಬಂದ ದಿನವೂ ಮುಂದಿನ ದಿನಾಂಕ.

ಈ ನಡುವೆ ಚಿಕ್ಕಮ್ಮ ಗಿರಣಿಯ ಬಾಗಿಲನ್ನು ಒಂದು ದಿನವೂ ಮುಚ್ಚಲಿಲ್ಲ. ಗಿರಾಕಿಗಳಿಂದ ಎಂದಿನಂತೆ ಕಾಳು ತೆಗೆದುಕೊಂಡು, ಗೂಡ್ಸ್ ಆಟೋದಲ್ಲಿ ಮೂಟೆಗಳ ಮಧ್ಯೆ ತಾನೂ ಕೂತು, ಗೊರಗುಂಟೆಪಾಳ್ಯದಲ್ಲಿ ಪರಿಚಯದವರ ಗಿರಣಿಗೆ ಹೋಗಿ, ತಾನೇ ನಿಂತು ಬೀಸಿಸಿ ತರುತ್ತಿದ್ದಳು. ಒಂದು ಭಾನುವಾರ ನಾನೂ ಜೊತೆಗೆ ಹೋದೆ. ತುಮಕೂರು ರಸ್ತೆಯ ಸಿಗ್ನಲ್ಲಿನಲ್ಲಿ ಲಾರಿಗಳ ಹೊಗೆ ನುಂಗುತ್ತ ನಿಂತಾಗ, ಅರವತ್ತು ದಾಟಿದ ಆ ಹೆಂಗಸು ಸೆರಗನ್ನು ತನ್ನ ಮೂಗಿಗೆ ಹಿಡಿಯದೆ ಚೀಲದ ಬಾಯಿಗೆ ಮುಚ್ಚಿದ್ದಳು. ನನಗೆ ಅಳು ಬರಲಿಲ್ಲ, ರೋಷ ಬಂತು. ಇಡೀ ನಗರ ಬಣ್ಣದ ದೀಪ ಹಾಕಿಕೊಂಡು ಮೆರೆಯುತ್ತಿತ್ತು. ಮೇಲ್ಸೇತುವೆಯ ಕಂಬಗಳಿಗೂ ಬಳ್ಳಿಯಂತೆ ವಿದ್ಯುದ್ದೀಪ ಸುತ್ತಿದ್ದರು. ಒಂದು ಗಿರಣಿಯ ಮೋಟಾರಿಗೆ ಮಾತ್ರ ಈ ರಾಜ್ಯದಲ್ಲಿ ಕರೆಂಟಿರಲಿಲ್ಲ.

ಎರಡು ಮಳೆಗಾಲ ಕಳೆದ ಮೇಲೆ ಪ್ರಕರಣ ಕೊನೆಯ ಹಂತಕ್ಕೆ ಬಂತು. ಸಾಕ್ಷಿಗಳಲ್ಲಿ ಉಳಿದಿದ್ದ ಒಬ್ಬರು ಬಂದು, ರಂಗಪ್ಪ ನಮ್ಮ ಎದುರೇ ಸಹಿ ಹಾಕಿದ್ದು ಎಂದು ಹೇಳಿದರು. ನ್ಯಾಯಾಧೀಶರು ಹೆಂಗಸು. ಉಯಿಲನ್ನು ಒಪ್ಪಿದ ಮೇಲೆ ಕನ್ನಡಕ ತೆಗೆದು, ನಮ್ಮ ವಕೀಲರನ್ನು ಮೆಲ್ಲಗೆ ಕೇಳಿದರು:

"ನಮ್ಮ ಕಡೆ ಇಂಥ ಉಯಿಲಿಗೆ ಪ್ರೊಬೇಟ್ ಕಡ್ಡಾಯ ಅಲ್ಲವಲ್ಲ, ಇವರನ್ನ ಯಾಕೆ ಇಷ್ಟು ದಿನ ಅಲೆಸಿದಿರಿ?"

ಹೊರಗೆ ಬಂದ ಮೇಲೆ ನಾನೂ ಅದನ್ನೇ ಕೇಳಿದೆ. ವಕೀಲರಿಗೆ ಮುಜುಗರವೇನೂ ಆಗಲಿಲ್ಲ. "ಗೊತ್ತಿತ್ತು ಮೇಡಂ. ಆದ್ರೆ ಆಫೀಸ್ನೋರು ಕೇಳ್ತಾರಲ್ಲ. ಅವ್ರ ಹತ್ರ ಯಾರ್ ವಾದ ಮಾಡ್ತಾರೆ?"

ವಾದ ಮಾಡುವುದಕ್ಕೇ ಓದಿದವರು ಆಡಿದ ಮಾತು ಇದು. ಕಾನೂನು ಕೇಳದಿದ್ದುದನ್ನು ಕಿಟಕಿ ಕೇಳಿತು. ಕಿಟಕಿ ಕೇಳಿತೆಂದು ಕರಿಕೋಟು ತಲೆಬಾಗಿತು. ತನ್ನದೇ ಗಿರಣಿ ತನ್ನದೆಂದು ರುಜುವಾತು ಮಾಡಲು ಒಬ್ಬ ಹೆಂಗಸು ಹೊಗೆ ಕುಡಿದಳು. ಹೊಸ ಕಾನೂನು ಬಂತೆಂದು ಪತ್ರಿಕೆಯಲ್ಲಿ ಓದಿದಾಗಲೆಲ್ಲ ನಾನೀಗ ಮೊದಲು ಕೇಳಿಕೊಳ್ಳುವುದು ಒಂದೇ: ಇದನ್ನು ಯಾವ ಕಿಟಕಿಯ ಹಿಂದೆ ಯಾರು ಓದಿ ಹೇಳುತ್ತಾರೆ? ಶಾಸನಸಭೆಯಲ್ಲಿ ಮೇಜು ತಟ್ಟಿ ಒಪ್ಪಿದ ಹಕ್ಕು ಯಲಹಂಕದ ಗಲ್ಲಿಗೆ ಬರುವ ಹೊತ್ತಿಗೆ ಭಿಕ್ಷೆಯಾಗಿರುತ್ತದೆ. ಚಿಕ್ಕಮ್ಮ ಮಾತ್ರ ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡು, "ನಡಿ, ಸುಧಾಗೆ ಫೋನ್ ಮಾಡ್ಬೇಕು," ಎಂದಳು.

ಕರೆಂಟು ಬಂತು. ಮೀಟರು ಜಯಮ್ಮನ ಹೆಸರಿಗಾಯಿತು. ಬಾಗಲೂರಿನ ಪಾಲಿಗಾಗಿ ತಾಯಿ ಮಗಳು ಹೂಡಿದ ದಾವೆ ಇನ್ನೂ ನಡೆಯುತ್ತಿದೆ. ಬಿಲ್ಡರ್‌ನ ಬೇಲಿ ಮಾತ್ರ ಮುಂದುವರಿಯದೆ ಅಲ್ಲಿಗೇ ನಿಂತಿದೆ.

ಮೊನ್ನೆ ನಾನು ಗಿರಣಿಯಲ್ಲಿದ್ದಾಗ ಮುನಿರಾಜುವಿನ ಕಿರಿಯ ಮಗಳು ಪವಿತ್ರ ಬಂದಳು. ಕೈಯಲ್ಲಿ ಕಾಳಿನ ಚೀಲವಿರಲಿಲ್ಲ. ಸಾಲಿನಲ್ಲಿ ನಾಲ್ಕಾರು ಜನ, ಯಂತ್ರದ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳದು. ಅವಳು ಬಾಗಿಲ ಹತ್ತಿರವೇ ನಿಂತು ಏನೋ ಹೇಳಿದಳು.

"ಏನಮ್ಮ?" ಎಂದಳು ಚಿಕ್ಕಮ್ಮ.

ಹುಡುಗಿ ಇನ್ನಷ್ಟು ಹತ್ತಿರ ಬಂದು ಅವಳ ಕಿವಿಗೆ ಬಾಗಿದಳು. "ದೊಡ್ಡಮ್ಮ, ಅಪ್ಪ ನನ್ಗೂ ಸೈನ್ ಹಾಕು ಅಂತಾವ್ರೆ. ನಂಗಿಷ್ಟ ಇಲ್ಲ. ಏನ್ ಮಾಡ್ಲಿ?"

ಚಿಕ್ಕಮ್ಮ ಒಂದು ಗಳಿಗೆ ಅವಳ ಮುಖ ನೋಡಿದಳು. ಆ ಮುಖದಲ್ಲಿ ಮುನಿರಾಜುವಿನ ಮೂಗೂ ಇತ್ತು, ಗಲ್ಲವೂ ಇತ್ತು. ಆಮೇಲೆ ಗೋಡೆಯ ಕಡೆಗೆ ಕೈಚಾಚಿ, ಅಷ್ಟು ಅಲೆದು ತಂದಿದ್ದ ಆ ಕರೆಂಟನ್ನು ತಾನೇ ಆರಿಸಿದಳು. ಬೆಲ್ಟು ನಿಧಾನವಾಗಿ ನಿಂತಿತು. ಸಾಲಿನಲ್ಲಿದ್ದವರು ಗೊಣಗಿದರು.

"ಸ್ವಲ್ಪ ಹೊತ್ತು ಆಗ್ತದೆ, ಕೂತ್ಕೊಳ್ಳಿ," ಎಂದು ಅವರಿಗೆ ಹೇಳಿ, ಚಿಕ್ಕಮ್ಮ ಮಣೆಯ ಮೇಲಿನ ಹಿಟ್ಟನ್ನು ಸೆರಗಿನಿಂದ ಕೊಡವಿ ಹುಡುಗಿಯ ಕಡೆಗೆ ಸರಿಸಿದಳು.

"ಬಾ, ಕೂತ್ಕೊ. ಮೊದ್ಲಿಂದ ಹೇಳು."