ರಾಗಿ ಮೂಟೆಯ ಹಿಂದಿನ ಹಸಿರು

ಚಾಮರಾಜನಗರದ ಅಪ್ಸರ್ ಪಾಷಾ ಸುಣ್ಣ ಬಳಿಯುವಾಗ ಕೈ ಮಾತ್ರ ಗೋಡೆಯ ಮೇಲಿರುತ್ತಿತ್ತು, ಮನಸ್ಸು ಎಲ್ಲೋ. ಮನೆಯಲ್ಲೂ ಅದೇ ಪಾಡು. ಹೆಂಡತಿ ಕುಲ್ಸುಂ ಬಿ ಉರ್ದುವಿನಲ್ಲಿ ಏನಾದರೂ ಕೇಳಿದರೆ ಮೂರನೆಯ ಸಲಕ್ಕೆ "ಹಾಂ?" ಅನ್ನುತ್ತಿದ್ದ. ನೀವು ಯಾವುದಾದರೂ ಗೋಡೆಯನ್ನೇ ನಿಕಾ ಮಾಡಿಕೊಳ್ಳಬೇಕಿತ್ತು ಎಂದು ಅವಳು ಬೈದರೆ ಆ ಬೈಗುಳವೂ ಅರ್ಧವೇ ಕಿವಿಗೆ ಬೀಳುತ್ತಿತ್ತು.

ಅವನ ತಾಯಿಯ ತವರು ಹಂಗಳ. ಚಿಕ್ಕಂದಿನಲ್ಲಿ ಅಲ್ಲಿ ಬೆಳಿಗ್ಗೆ ಎದ್ದು ಜಗಲಿಗೆ ಬಂದರೆ ಗೋಪಾಲಸ್ವಾಮಿ ಬೆಟ್ಟವೇ ಇರುತ್ತಿರಲಿಲ್ಲ, ಬರೀ ಮಂಜು. ಹೊತ್ತೇರುತ್ತಾ ಮಂಜು ಒಂದಿಷ್ಟು ಮೇಲಕ್ಕೆ ಸರಿದು, ಮೊದಲ ಮಳೆ ಕಂಡ ಕಾಡಿನ ಹಸಿರು ಒಂದು ಪಟ್ಟಿಯಷ್ಟು ಮಾತ್ರ ಕಾಣುತ್ತಿತ್ತು. ಮೇಲೆಲ್ಲ ಬಿಳಿ, ಕೆಳಗೆ ಹಸಿರು. ಇಷ್ಟು ವಯಸ್ಸಾದರೂ ಬ್ರಶ್ ಹಿಡಿದ ಕೂಡಲೇ ಅವನು ಹೋಗಿ ನಿಲ್ಲುತ್ತಿದ್ದದ್ದು ಆ ಜಗಲಿಯ ಮೇಲೆ.

ಆ ಬಿಳಿ-ಹಸಿರನ್ನು ಅವನು ಒಮ್ಮೆ ಗೋಡೆಗೆ ಇಳಿಸಿಯೂ ಇದ್ದ. ಉಸ್ತಾದನನ್ನು ಬಿಟ್ಟು ಸ್ವಂತಕ್ಕೆ ಹಿಡಿದ ಮೊದಲ ಕೆಲಸ, ಉಡಿಗಾಲದ ಚಿಕ್ಕಬಸವಯ್ಯನವರ ಮನೆ, ಎಂಬತ್ತೆಂಟನೇ ಇಸವಿ. ನಡುಮನೆಯ ಮಣ್ಣಿನ ಗೋಡೆಗೆ ಮೇಲೆ ಸುಣ್ಣ, ಸೊಂಟದ ಎತ್ತರದವರೆಗೆ ಆಯಿಲ್ ಪೇಂಟ್. ಮೂರು ಡಬ್ಬಿ ಬಣ್ಣ ಕಲೆಸಿ, ಹಂಗಳದ ಆ ಹಸಿರು ಬರುವವರೆಗೂ ಬಿಡಲಿಲ್ಲ. ಮುಗಿದ ದಿನ ಚಿಕ್ಕಬಸವಯ್ಯ ಗೋಡೆಗೆ ಬೆನ್ನು ಕೊಟ್ಟು ಕೂತು, "ತಂಪಾಗದೆ ಕಣ್ಲಾ ಪಾಸ, ಕಾಡ್ನಲ್ಲಿ ಕುಂತಂಗೆ" ಅಂದರು. ಊರೆಲ್ಲ ಹೇಳಿಕೊಂಡು ಬಂದರು. ಅದೇ ಬೇಸಿಗೆಯಲ್ಲಿ ಇನ್ನೂ ನಾಲ್ಕು ಮನೆಗೆ ಅದೇ ಹಸಿರು ಬಿತ್ತು. ಆಮೇಲೆ ಉಡಿಗಾಲದಲ್ಲಿ ಯಾರೂ ಹಸಿರು ಕೇಳಲಿಲ್ಲ. ಫ್ಯಾಶನ್ ಹೋಯಿತು ಅಂದುಕೊಂಡ ಪಾಷಾ. ಪ್ರತಿ ಯುಗಾದಿಗೆ ಸುಣ್ಣಕ್ಕೆ ಮಾತ್ರ ಅವನನ್ನೇ ಕರೆಯುತ್ತಿದ್ದರು. "ಮ್ಯಾಲ್ಗಡೆ ಸುಣ್ಣ ಒಡ್ದು ಓಗು, ಕೆಳ್ಗಡೆ ಚೆನ್ನಾಗದೆ" ಅನ್ನುತ್ತಿದ್ದರು. ಕೆಳಗಡೆ ಕಾಣುತ್ತಿದ್ದದ್ದಾದರೂ ಎಷ್ಟು? ಆ ಊರಿನವರಿಗೆ ಸಾಮಾನನ್ನೆಲ್ಲ ಗೋಡೆಗೆ ಅಂಟಿಸಿ ಇಡುವ ಚಟ. ಅದಕ್ಕೆ ಪಾಷಾ ಅವರನ್ನು ಗೇಲಿ ಮಾಡಿದ್ದೂ ಉಂಟು. ಉಡಿಗಾಲದ ಗೋಡೆ ಬಿದ್ದು ಹೋದರೂ ಸಾಮಾನು ಬೀಳಲ್ಲ ಅಂತ.

ಎರಡು ಸಾವಿರದ ಆರು. ಚಿಕ್ಕಬಸವಯ್ಯ ತೀರಿಹೋಗಿ ಹತ್ತು ವರ್ಷವಾಗಿತ್ತು. ಮಗ ಶಿವಸ್ವಾಮಿಗೆ ತಾಲ್ಲೂಕು ಕಚೇರಿಯಲ್ಲಿ ಕೆಲಸ ಸಿಕ್ಕಿ, ಗುಂಡ್ಲುಪೇಟೆಯ ಒಂದು ಹೆಣ್ಣು ಗೊತ್ತಾಗಿ, ಹೆಣ್ಣಿನ ಕಡೆಯವರು ಮನೆ ನೋಡಲು ಬರುವುದಿತ್ತು. ಇನ್ನು ಹತ್ತು ದಿನ. ಪಾಷಾ ಮೊಪೆಡ್ ಮೇಲೆ ಸುಣ್ಣದ ಡಬ್ಬ ಕಟ್ಟಿಕೊಂಡು ಬಂದ.

ನಡುಮನೆಯಲ್ಲಿ ಎಂದಿನಂತೆ ಆರು ರಾಗಿ ಮೂಟೆ, ಗೋಡೆಗೆ ಒರಗಿ.

"ಇವನ್ನ ತೆಗೀಬೇಕು ಪಾಷಣ್ಣ. ಬಂದೋರು ಮೂಟೆ ನೋಡ್ಕಂಡು ಕೂರ್ತಾರಾ?" ಎಂದ ಶಿವಸ್ವಾಮಿ.

"ಅಲ್ಲೇ ಇರ್ಲಿ ಬುಡ್ಲಾ!" ಒಳಗಿಂದ ಅವನ ತಾಯಿ ಮಲ್ಲಾಜಮ್ಮ ಕೂಗಿದರು. "ರಾಗಿ ಕಂಡ್ರೆ ಅವ್ರಿಗೂ ಒಸಿ ನಂಬಿಕೆ ಬತ್ತದೆ."

ಪಾಷಾ ಅಷ್ಟರಲ್ಲಿ ಬಗ್ಗಿ ಮೂಟೆಗೆ ಕೈ ಹಾಕಿದ್ದ. ತುಂಬಿದ ಮೂಟೆ ಎತ್ತುವುದೆಂದರೆ ಸೊಂಟ ಬಿಗಿಮಾಡಿಕೊಳ್ಳಬೇಕು. ಬಿಗಿಮಾಡಿಕೊಂಡು ಎತ್ತಿದ. ಮೂಟೆ ದಿಂಬಿನ ಹಾಗೆ ಮೇಲಕ್ಕೆ ಬಂತು, ಅವನು ಹಿಂದಕ್ಕೆ ಮುಗ್ಗರಿಸಿದ. ಹರಿದ ಮೂಲೆಯಿಂದ ಸುರಿದದ್ದು ರಾಗಿಯಲ್ಲ, ಹೊಟ್ಟು.

ಹಿಂದೆ ಅವನ ಹಸಿರು. ಬೆಂದ ಮೈಯ ಹಾಗೆ ಬೊಬ್ಬೆ ಎದ್ದಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಪೇಂಟು ಪಟ್ಟೆಂದು ಒಡೆದು, ಒಳಗಿನ ಮಣ್ಣು ಕಲಸಿದ ಹಿಟ್ಟಿನಂತೆ ಜಾರಿತು. ಅವನ ಕೈ ಮೊಣಕೈಯವರೆಗೂ ಗೋಡೆಯೊಳಗೆ ಹೋಯಿತು. ಒಳಗೆ ತಣ್ಣಗಿತ್ತು.

ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಣ್ಣಿನ ಗೋಡೆ ನೆಲದಿಂದ ತೇವ ಹೀರುತ್ತದೆ, ಸುಣ್ಣ ಅದನ್ನು ಹೊರಕ್ಕೆ ಬಿಡುತ್ತದೆ. ಆಯಿಲ್ ಪೇಂಟ್ ಬಿಡುವುದಿಲ್ಲ. ಇದನ್ನು ಅವನು ಕಲಿತದ್ದು ಎಷ್ಟೋ ವರ್ಷದ ಮೇಲೆ, ಬೇರೆ ಊರುಗಳಲ್ಲಿ. ಈ ಗೋಡೆ ಮಾತ್ರ ನೆನಪಾಗಿರಲಿಲ್ಲ. ಇಲ್ಲಿ ಅವನು ನೋಡುತ್ತಿದ್ದದ್ದು ಗೋಡೆಯನ್ನಲ್ಲ, ಬೆಟ್ಟವನ್ನು.

"ಥೂ, ಯಾವನ್ಲಾ ಇದ ಬಳ್ದೋನು!" ಶಿವಸ್ವಾಮಿಗೆ ಸಿಟ್ಟು ನೆತ್ತಿಗೇರಿತ್ತು. ಆ ವರ್ಷ ಅವನು ಚಿಕ್ಕ ಹುಡುಗ, ಓದು ಮುಗಿಯುವವರೆಗೂ ಸೋದರಮಾವನ ಮನೆಯಲ್ಲೇ ಇದ್ದವನಿಗೆ ಇದ್ಯಾವುದೂ ಗೊತ್ತಿರಲಿಲ್ಲ. "ಗೋಡೆನೇ ತಿಂದಾಕ್ಬುಟ್ಟವ್ನೆ. ಕೈಗೆ ಸಿಕ್ಕಿದ್ರೆ..."

"ಯಾರೋ ಕೊಳ್ಳೇಗಾಲದ ಕಡೆಯೋನು" ಎಂದರು ಬಾಗಿಲಿಗೆ ಬಂದ ಮಲ್ಲಾಜಮ್ಮ, ಪಾಷಾನ ಮುಖ ನೋಡದೆ. "ಎಸ್ರೂ ಮರ್ತೋಯ್ತು. ನೀನು ಕಚೇರಿಗೆ ಒಂಡು, ಒತ್ತಾಯ್ತು."

ಸುಮ್ಮನಿದ್ದರೆ ಮುಗಿದೇ ಹೋಗುತ್ತಿತ್ತು. ಹದಿನೆಂಟು ವರ್ಷದ ಹೆಸರು ಅವನದು. ಉಡಿಗಾಲದಲ್ಲಿ ಮಕ್ಕಳೂ ಪಾಷಣ್ಣ ಅನ್ನುತ್ತವೆ. ಬೇರೊಬ್ಬನ ತಲೆಗೆ ಕಟ್ಟುವಷ್ಟು ದೂರದಲ್ಲಿದೆ ಕೊಳ್ಳೇಗಾಲ. ಪಾಷಾ ಕೈ ಹೊರಗೆಳೆದುಕೊಂಡ. ಮೊಣಕೈಯಿಂದ ಕೆಸರು ತೊಟ್ಟಿಕ್ಕುತ್ತಿತ್ತು.

"ನಾನೇ ಶಿವಸ್ವಾಮಿ" ಅಂದ. "ನಾನೇ ಬಳ್ದಿದ್ದು. ತಿಳೀದೆ ಮಾಡ್ಬುಟ್ಟೆ."

ಮಲ್ಲಾಜಮ್ಮ ಹೊಸ್ತಿಲ ಮೇಲೆ ಕೂತುಬಿಟ್ಟರು.

"ಗೊತ್ತು ಬುಡಪ್ಪ. ಮೊದಲ್ನೆ ಮಳೆಗಾಲಕ್ಕೇ ಊದ್ಕತ್ತು. ನಮ್ದೊಂದೇ ಅಲ್ಲ, ಐದು ಮನೇದೂವೆ. ನಮ್ ಯಜಮಾನ್ರು ಮನೆಮನೆಗೂ ಓಗಿ ಯೋಳುದ್ರು. ಉಡ್ಗ ಈಗಿನ್ನ ಕೈ ಕುದುರುಸ್ಕತಾವ್ನೆ, ಈಗ್ಲೇ ಅಂದ್ಬುಟ್ರೆ ಬ್ರಸ್ ಬಿಸಾಕ್ಬುಡ್ತನೆ, ಯಾರೂ ಬಾಯ್ಬುಡ್ಬೇಡಿ ಅಂತ. ದೊಡ್ಡೋನಾದ್ಮೇಕೆ ನಾನೇ ಯೋಳ್ತೀನಿ ಅಂತಿದ್ರು. ಅವ್ರೇ ಓಗ್ಬುಟ್ರು. ಆಮೇಕೆ ಯಾವ್ ಬಾಯಲ್ಲಿ ಯೋಳದು?"

"ಮತ್ತೆ ಈ ಮೂಟೆ, ಅವ್ವ?" ಎಂದ ಪಾಷಾ.

"ರಾಗಿ ಇಟ್ರೆ ಬೂಜು ಬತ್ತದೆ. ಅದ್ಕೆ ವರ್ಸವರ್ಸ ಒಸ ಒಟ್ಟು ತುಂಬ್ತಿದ್ದೆ, ನೀನು ಯುಗಾದಿಗೆ ಬರೋ ಮುಂಚೆ."

ಪಾಷಾ ಅತ್ತ. ನಲವತ್ತೆರಡು ವರ್ಷದ ಗಂಡಸು ಹೊಟ್ಟಿನ ಮೂಟೆಯ ಮೇಲೆ ಕೂತು ಅತ್ತ. ನಾಚಿಕೆ ಎಷ್ಟಿತ್ತೋ ಅಷ್ಟೇ ಪ್ರೀತಿ ಉಕ್ಕಿ ಬಂದು, ಯಾವುದಕ್ಕೆ ಅಳುತ್ತಿದ್ದೇನೆಂದು ಅವನಿಗೇ ತಿಳಿಯಲಿಲ್ಲ. ಶಿವಸ್ವಾಮಿ ಅವತ್ತು ಕಚೇರಿಗೆ ಹೋಗಲಿಲ್ಲ. ಪ್ಯಾಂಟು ಮಡಚಿಕೊಂಡು ಕೆರೆ ಮಣ್ಣು ತಂದು, ಹುಲ್ಲು ಸೇರಿಸಿ ತುಳಿದ.

ಕೊಳೆತದ್ದನ್ನೆಲ್ಲ ಕೆತ್ತಿ ತೆಗೆದು, ಇಟ್ಟಿಗೆ ಚೂರು ಕೂರಿಸಿ, ಮಣ್ಣು ಮೆತ್ತಿದರು. ಹೆಣ್ಣಿನ ಕಡೆಯವರು ಬಂದಾಗ ಗೋಡೆ ಇನ್ನೂ ಅರ್ಧ ಹಸಿ. ಹುಡುಗಿಯ ತಂದೆ ಹತ್ತಿರ ಹೋಗಿ ಮೂಗಿಟ್ಟು ಮೂಸಿ, ಹೊಸ ಮಣ್ಣಿನ ವಾಸನೆ ಚೆನ್ನಾಗಿದೆ ಅಂದರು. ಮದುವೆ ಗೊತ್ತಾಯಿತು.

ಮಾರನೆಯ ಬೆಳಿಗ್ಗೆ ಪಾಷಾ ಉಡಿಗಾಲದ ಬೀದಿಯಲ್ಲಿ ಮೊಪೆಡ್ ತಳ್ಳಿಕೊಂಡೇ ನಡೆದ. ಮಂಜು ಇನ್ನೂ ನೆಲ ಬಿಟ್ಟಿರಲಿಲ್ಲ. ತೆರೆದ ಬಾಗಿಲುಗಳಲ್ಲಿ ಇಷ್ಟು ವರ್ಷ ನೋಡಿದ್ದನ್ನೇ ನೋಡುತ್ತಾ ಹೋದ. ಶಂಭುಲಿಂಗಪ್ಪನವರ ಮನೆಯಲ್ಲಿ ಗೋಡೆಗೆ ಅಂಟಿದ ಬೀರು. ಅದರಾಚೆ ಮನೆಯಲ್ಲಿ ಒಂದರ ಮೇಲೊಂದು ಟ್ರಂಕು. ಇನ್ನೊಂದರಲ್ಲಿ ಯಾರೂ ಬಳಸದ ಒರಳು. ಕೊನೆಯದು ಪುಟ್ಟಸಿದ್ದಮ್ಮನ ಮನೆ, ಅಲ್ಲಿ ಅಡ್ಡಲಾಗಿ ನಿಲ್ಲಿಸಿದ ಮಂಚ. ಮಂಚವನ್ನು ಗೋಡೆಗೆ ನಿಲ್ಲಿಸಿ ಮುದುಕಿ ನೆಲದ ಮೇಲೆ ಚಾಪೆಯಲ್ಲಿ ಮಲಗುತ್ತಿದ್ದಳು. ಅದಕ್ಕೂ ಅವನು ನಕ್ಕಿದ್ದ.

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ.

"ಅವ್ವ, ಆ ಮಂಚ ಒಸಿ ಈಚೆಗೆ ಎಳೀಲಾ?"

ಪುಟ್ಟಸಿದ್ದಮ್ಮ ಅವನನ್ನು, ಅವನ ಕೈಯಲ್ಲಿದ್ದ ಮಣ್ಣು ಮೆತ್ತುವ ಕರಣೆಯನ್ನು ಒಂದು ಗಳಿಗೆ ನೋಡಿದಳು.

"ಯಾರ್ಲಾ ಯೋಳ್ಬುಟ್ಟೋರು ನಿಂಗೆ?" ಎಂದಳು, ಕಣ್ಣಲ್ಲಿ ನೀರು ತುಂಬಿಕೊಂಡು.