ತಲೆಯ ಮೇಲೆ ಸೆರಗಿಲ್ಲದ ಫೋಟೋ

ಜಹೀರಾಬಾದಿನಲ್ಲಿ ನನ್ನ ಸ್ಟುಡಿಯೋ ಇದ್ದ ಕಾಲಕ್ಕೆ ನನ್ನ ನಾಲಿಗೆ ಚೂಪು ಎಂದು ಹೇಳದವರೇ ಇರಲಿಲ್ಲ. ಎಪ್ಪತ್ತರ ದಶಕ ಅದು. ಆಷಾಢ ಬಂತೆಂದರೆ ಮದುವೆ ಇಲ್ಲ, ಫೋಟೋದವರಿಗೆ ನೊಣ ಹೊಡೆಯುವ ಕೆಲಸ. ಆ ತಿಂಗಳ ಸೋಮವಾರಗಳಂದು ನಾವು ಮೂವರು ನನ್ನ ಸ್ಟುಡಿಯೋದಲ್ಲಿ ಸೇರುತ್ತಿದ್ದೆವು: ನಾನು, ತಾಂಡೂರಿನಿಂದ ಬರುತ್ತಿದ್ದ ಹಿರಿಯರು, ನನಗಿಂತ ಎಂಟು ವರ್ಷ ಚಿಕ್ಕವನಾದ ನಾರಾಯಣಖೇಡದ ಗೆಳೆಯ. ಹಿರಿಯರನ್ನು ನಾವಿಬ್ಬರೂ ಉಸ್ತಾದ್ ಅನ್ನುತ್ತಿದ್ದೆವು.

ಒಬ್ಬೊಬ್ಬರೂ ತಾವು ತೆಗೆದ ಒಂದು ಫೋಟೋ ಮೇಜಿನ ಮೇಲಿಡಬೇಕು. ಉಳಿದಿಬ್ಬರು ಹೇಳಿ ಮುಗಿಸುವ ತನಕ ತೆಗೆದವನು ಬಾಯಿ ಬಿಡುವಂತಿಲ್ಲ. ತಪ್ಪು ತೋರಿಸಿದವನು ಅದನ್ನು ಸರಿ ಮಾಡುವ ದಾರಿಯನ್ನೂ ತೋರಿಸಬೇಕು. ಇದು ಉಸ್ತಾದರು ಹಾಕಿದ ಕಟ್ಟಳೆ. ತಪ್ಪು ತೋರಿಸುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ, ದಾರಿಯ ಮಾತು ಮಾತ್ರ ಆಗಾಗ ಮರೆತುಹೋಗುತ್ತಿತ್ತು.

ಒಂದು ವರ್ಷ ಗೆಳೆಯ ತಂದ ಫೋಟೋದಲ್ಲಿ ಅವನ ಹೆಂಡತಿ ಮುಂದೆ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಅರ್ಧ ಮುಖ ಕಾಣುವಂತೆ ಕತ್ತು ಹಿಂದಕ್ಕೆ ತಿರುಗಿಸಿದ್ದಳು. ಇಪ್ಪತ್ತು ಹೆಜ್ಜೆ ಹಿಂದೆ, ಹೊಲದ ಬದುವಿನ ಮೇಲೆ, ಅವನ ಅಪ್ಪ ನಿಂತಿದ್ದರು. ಸೊಸೆಯ ಮೂಗುಬೊಟ್ಟೂ ಸ್ಪಷ್ಟ, ಮಾವನ ರುಮಾಲಿನ ಸುತ್ತುಗಳೂ ಸ್ಪಷ್ಟ. ನಮ್ಮ ಲೆನ್ಸುಗಳಲ್ಲಿ ಅದು ಆಗುವ ಮಾತಲ್ಲ. ಹತ್ತಿರದ್ದನ್ನು ಹಿಡಿದರೆ ದೂರದ್ದು ಮಸುಕು, ದೂರದ್ದನ್ನು ಹಿಡಿದರೆ ಹತ್ತಿರದ್ದು ಮಸುಕು. ಅವನು ಕ್ಯಾಮೆರಾ ಕದಲಿಸದೆ ಒಮ್ಮೆ ಹೆಂಡತಿಯ ಮೇಲೆ, ಒಮ್ಮೆ ಅಪ್ಪನ ಮೇಲೆ ಫೋಕಸ್ ಇಟ್ಟು ಎರಡು ಸಲ ಫೋಟೋ ತೆಗೆದಿದ್ದ. ಎರಡನ್ನೂ ಕಾಗದಕ್ಕೆ ಇಳಿಸಿ, ಹೆಂಡತಿಯ ಆಕಾರವನ್ನು ಬ್ಲೇಡಿನಿಂದ ಕತ್ತರಿಸಿ, ಅಂಚನ್ನು ಹಿಂದಿನಿಂದ ಉಜ್ಜಿ ತೆಳ್ಳಗೆ ಮಾಡಿ, ಇನ್ನೊಂದರ ಮೇಲೆ ಅಂಟಿಸಿದ್ದ. ಆಮೇಲೆ ಕುಂಚದಿಂದ ತಿದ್ದಿ ಅದರದೇ ಮತ್ತೊಂದು ಫೋಟೋ ತೆಗೆದಿದ್ದ.

ಅಂಥ ಕೈ ನನ್ನದಲ್ಲ ಎಂದು ನೋಡಿದ ಕ್ಷಣವೇ ಗೊತ್ತಾಯಿತು. ನಿಜ ಹೇಳಬೇಕೆಂದರೆ ಹೊಟ್ಟೆ ಉರಿಯಿತು. ತಪ್ಪು ಹುಡುಕಿದೆ, ಸಿಕ್ಕಿತು. ನಮ್ಮ ಕಡೆ ಮಾವನ ಎದುರಿಗೆ ಯಾವ ಸೊಸೆ ಬರಿ ತಲೆಯಲ್ಲಿ ಕೂರುತ್ತಾಳೆ?

"ಮಾವ ಹಿಂದ ನಿಂತಾನ, ಸೊಸಿ ತಲಿಮ್ಯಾಗ ಸೆರಗಿಲ್ಲ. ಬಾಯಿ ಬ್ಯಾರೆ ತಕ್ಕೊಂಡು ಕುಂತಾಳ," ಅಂದೆ. "ಅಕಿನ್ನ ಒಂದಿನ, ಅಪ್ಪನ್ನ ಒಂದಿನ ತಗದು ಕೂಡಿಸೀದಿ. ಇದು ಫೋಟೋ ಅಲ್ಲ ತಮ್ಮ, ತ್ಯಾಪಿ ಹಾಕಿದ ಕೌದಿ."

ಹೇಳಿ ನಕ್ಕೆ ಕೂಡ. ಗೆಳೆಯನ ಕಿವಿ ಕೆಂಪಾದವು. ತನ್ನ ಸರದಿಗೂ ಕಾಯದೆ ಫೋಟೋವನ್ನು ಪೇಪರಿನಲ್ಲಿ ಸುತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದ.

"ತಪ್ಪು ತೋರಿಸ್ದಿ. ದಾರಿ ಎಲ್ಲಿ ತೋರಿಸ್ದಿ?" ಅಂದರು ಉಸ್ತಾದರು.

"ಸುಳ್ಳಿಗಿ ಏನ್ ದಾರಿರಿ?" ಅಂದೆ.

ಮುಂದಿನ ಸೋಮವಾರ ಅವನು ಬರಲಿಲ್ಲ. ಬಂದದ್ದು ಉಸ್ತಾದರು ತಂದ ಸುದ್ದಿ: "ಅಂವ ಕ್ಯಾಮೆರಾ ಮಾರಾಕ ಹತ್ಯಾನ. ಬೀದರಿನವರು ಯಾರೋ ಗುರುವಾರ ಬಂದು ಒಯ್ತಾರಂತ. ಅದಕ್ಕಿಂತ ಮೊದಲ ನೀ ಹೋಗಿ ಬಾ." ಒಂದು ಮಾತಿಗೆ ಇಷ್ಟು ಸಿಟ್ಟೇ ಎಂದು ಮೊದಲು ನನಗೇ ಸಿಟ್ಟು ಬಂತು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬುಧವಾರ ನಾರಾಯಣಖೇಡದ ಮೊದಲ ಬಸ್ ಹತ್ತಿದೆ.

ಊರಂಚಿಗೆ, ಹೊಲಕ್ಕೆ ಹತ್ತಿದಂತೆ ಅವನ ಮನೆ. ಕಟ್ಟೆಯ ಮೇಲೆ ಅವನ ಅಪ್ಪ ಕೂತಿದ್ದರು. ಪಕ್ಕದಲ್ಲಿ ಬಟ್ಟೆ ಸುತ್ತಿ ಕಟ್ಟಿದ ಕ್ಯಾಮೆರಾ. ಅಂಗಳದಲ್ಲಿದ್ದ ಅವನ ಹೆಂಡತಿ ನನ್ನನ್ನು ಕಂಡು ಮುಖ ಮರೆಯಾಗುವಷ್ಟು ತಲೆ ತುಂಬ ಸೆರಗು ಹೊದ್ದಳು. ಜಹೀರಾಬಾದಿನಿಂದ ಬಂದವನು ಅಂದೆ. ಮರುಕ್ಷಣ ಮಾವನ ಕಡೆ ತಿರುಗಿ ಆ ಸೆರಗನ್ನು ಹಿಂದೆ ಸರಿಸಿದಳು. ದನಿಯಿಲ್ಲದೆ, ಬರೀ ತುಟಿಯಿಂದ, ಏನೋ ಹೇಳಿದಳು.

"ಜಹೀರಾಬಾದಿನವರಾ? ಬರ್ರಿ, ಕೂಡ್ರಿ," ಅಂದರು ಮುದುಕರು.

ನಾನು ಮುದುಕರನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿದೆ. ಒಳಗಿನಿಂದ ಬಂದ ಗೆಳೆಯ ನನ್ನ ಮುಖ ನೋಡದೆ ಹೇಳಿದ: "ಅಪ್ಪಗ ಕಿವಿ ಕೇಳಸಂಗಿಲ್ಲಣ್ಣ. ತುಟಿ ನೋಡಿ ತಿಳ್ಕೊಂತಾನ. ನನ್ನ ಮುಂದ ಸೆರಗು ಹಾಕಬ್ಯಾಡವ್ವ ಅಂತ ತಾನೇ ಅಂದಾನ. ಆವತ್ತು ಅಕಿ ಉಂಬಾಕ ಕರೀಲಿಕ್ಕತ್ತಿದ್ಲು. ಇಬ್ಬರಾಗ ಒಬ್ಬರು ಮಸುಕಾದ್ರೂ ಆ ಮಾತು ಹ್ಯಾಂಗ ಕಾಣಬೇಕು?"

ಫೋಟೋ ಕೇಳಿ ತರಿಸಿಕೊಂಡೆ. ಎಲ್ಲವೂ ಅಲ್ಲೇ ಇತ್ತು. ತೆರೆದ ಬಾಯಿ, ಅದನ್ನೇ ನೋಡುವ ಕಣ್ಣು. ಈ ಸಲ ಬಹಳ ಹೊತ್ತು ನೋಡಿದೆ. ಸೊಸೆಯ ಮೊಣಕೈ ಹತ್ತಿರ ಬದುವಿನ ಗೆರೆ ಒಂದು ಎಳೆಯಷ್ಟು ತಪ್ಪಿತ್ತು. ಫೋಕಸ್ ಬದಲಾದಾಗ ಚಿತ್ರದ ಅಳತೆಯೂ ತುಸು ಬದಲಾಗುತ್ತದೆ, ಅವನು ಎನ್‌ಲಾರ್ಜರ್ ಎತ್ತರ ಬದಲಿಸದೆ ಎರಡನ್ನೂ ಒಂದೇ ಪ್ರಮಾಣದಲ್ಲಿ ಕಾಗದಕ್ಕೆ ಇಳಿಸಿದ್ದ.

"ದೂರದ್ದು ತುಸು ದೊಡ್ಡದು ಮಾಡಿ ತಗಿ. ಬದು ಕೂಡತದ," ಅಂದೆ.

ಅವನು ಬಗ್ಗಿ ನೋಡಿದ. "ಹೌದಲ್ಲ!" ಅಂದ. ಆಮೇಲೆ ಮೆಲ್ಲಗೆ, "ಇದನ್ನ ಆವತ್ತೇ ಅನ್ನಬೇಕಿತ್ತು ನೀವು."

ನಾನು ತಲೆ ತಗ್ಗಿಸಿ, "ನಂದು ತಪ್ಪಾತು," ಅಂದೆ.

"ಏನಂದ್ರು?" ಮುದುಕರು ಸೊಸೆಯನ್ನು ಕೇಳಿದರು. ಆಕೆ ನನ್ನ ಕಡೆ ಕೈ ತೋರಿಸಿದಳು.

"ಮುಖ ಎತ್ತಿ ಅನ್ರಿ. ಹಂಗ ತಗ್ಗಿಸಿದ್ರ ನನಗ ಕೇಳಸಂಗಿಲ್ಲ."

ಜೀವಮಾನದಲ್ಲಿ ಯಾರ ಮುಂದೆಯೂ ಅಷ್ಟು ನಿಧಾನಕ್ಕೆ ಮಾತಾಡಿದವನಲ್ಲ ನಾನು. ಮುಖ ಎತ್ತಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ: "ನಂದು ತಪ್ಪಾತ್ರಿ. ನಿಮ್ಮ ಮಗ ತಗದಿದ್ದು ಖರೇ ಫೋಟೋ."

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. "ಕೇಳಿಸ್ತು," ಅಂದರು. ಪಕ್ಕದಲ್ಲಿದ್ದ ಕ್ಯಾಮೆರಾದ ಗಂಟನ್ನು ಎತ್ತಿ ಮಗನ ಕೈಗೆ ಕೊಟ್ಟು, "ಇದನ್ನ ಒಳಗ ಇಡು," ಅಂದರು.