ಅವ್ವನ ಹೆಸರಿನಲ್ಲಿ ಬಿಟ್ಟ ಮೀನು

ವಿಶ್ವವಿದ್ಯಾಲಯದ ಹುಡುಗಿ ಶೀತಲ್ ಕೆರೆಯ ದಂಡೆಯಲ್ಲಿ ನಾಲ್ಕು ಜನರ ಮುಂದೆ ಮೀನು ಬಿಡುತ್ತಿದ್ದ ತನ್ನ ಕೈ ಹಿಡಿದು ತಡೆದದ್ದನ್ನು ಸ್ವಾರಗೇಟ್ ಬಡಾವಣೆಯ ಬಟ್ಟೆ ವ್ಯಾಪಾರಿ ನಿಜಲಿಂಗಪ್ಪ ಇನ್ನೂ ಮರೆತಿಲ್ಲ. ತೀರಿಹೋದ ಅವ್ವನ ಹೆಸರಿನಲ್ಲಿ ಅವನು ಪ್ರತಿ ಅಮಾವಾಸ್ಯೆಗೆ ಪೇಟೆಯ ಜೀವಂತ ಮೀನು ಕೊಂಡು ಕೆರೆಗೆ ಬಿಡುತ್ತಿದ್ದ. ಮೀನು ತಿನ್ನದ ಮನೆತನ. ಅವನಿಗೆ ಮೀನೆಂದರೆ ಎಲ್ಲವೂ ಒಂದೇ.

ಶೀತಲ್‌ಳ ವಿಶ್ವವಿದ್ಯಾಲಯದ ಜಲಜೀವಿ ಕೇಂದ್ರವು ಊರ ಜನರಿಗೆ ಬಾಗಿಲು ತೆರೆದ ದಿನ ಜಗಳಕ್ಕೆಂದೇ ಹೋದ.

"ಜೀವಾ ಉಳಿಸಿದ್ರ ತಪ್ಪೇನವಾ?" ಎಂದು ಗುಡುಗಿದ.

"ನೀವ ನೋಡ್ರಿ ಕಾಕಾ." ಶೀತಲ್ ಅದೇ ಕೆರೆಯಲ್ಲಿ ಹಿಡಿದ ಮೀನೊಂದರ ಹೊಟ್ಟೆ ಸೀಳಿದಳು. ಅವನು ಬಿಡುತ್ತಿದ್ದ ಉದ್ದ ಮೀಸೆಯ ಜಾತಿಯೇ. ಒಳಗೆ ಬೆರಳುದ್ದದ ಮೀನುಗಳು ಒತ್ತೊತ್ತಾಗಿ ತುಂಬಿದ್ದವು. "ಕೆರೀ ಸಣ್ಣ ಮೀನೆಲ್ಲಾ ಇವು ತಿಂದು ಮುಗಿಸ್ಯಾವ್ರಿ."

ನಿಜಲಿಂಗಪ್ಪ ತಲೆಯ ಮೇಲೆ ಕೈ ಹೊತ್ತ. "ಅಯ್ಯೋ, ಅವ್ವನ ಹೆಸರಿನ್ಯಾಗ ಏನ್ ಮಾಡಿಬಿಟ್ಟೆ!"

ಹುಡುಗಿಯ ಮೇಲಿನ ಸಿಟ್ಟು ಈಗಲೂ ಇದೆ. ಆದರೆ ತಾನೇ ಕೆಡಿಸಿದ ಕೆರೆಯ ಋಣ ತೀರಿಸುವ ದಾರಿ ಇನ್ನೂ ಸಿಕ್ಕಿಲ್ಲ.